ಪುಕ್ಕಟೆ ಬಾಗಿಲು – ಕಂತು ೭: ಐದು ಸೆಂಟಿಮೀಟರಿನ ಚೌಕ

"ಇದು ನಿಮ್ಮ ಮಗಳ ಮೈಯಳತೆ. ಅಲ್ಲ ಅನ್ನಿ ನೋಡೋಣ."

ಅಂಟುಪಟ್ಟಿ ಹಚ್ಚಿ ಜೋಡಿಸಿದ್ದ ಹದಿನಾರು ಹಾಳೆಗಳನ್ನು ಪತ್ತೇದಾರಿಣಿ ಅಳಿಯನ ಮೇಜಿನ ಉದ್ದಕ್ಕೂ ಬಿಡಿಸಿ ಹಾಸಿದಳು. ಕೀಬೋರ್ಡು, ಅರ್ಧ ಕುಡಿದ ಚಹಾ ಲೋಟ, ಮೂರು ಪೆನ್ನು, ಎಲ್ಲವೂ ಕಾಗದದ ಅಡಿಗೆ ಹೋದವು.

ಅಳಿಯ ಎಂದರೆ ಕತ್ತರಿ ಟೀಚರ ಅಳಿಯ. ಟೀಚರ್ ಕಾಣೆಯಾಗಿ ಅಂದಿಗೆ ಹನ್ನೊಂದು ದಿನ. ಕಾಣೆಯಾದ ಮರುಬೆಳಿಗ್ಗೆಯೇ, ಇಪ್ಪತ್ತು ವರ್ಷ ಯಾರು ಬೇಕಾದರೂ ಪುಕ್ಕಟೆಯಾಗಿ ಹೊಲಿಗೆಯ ನಮೂನೆಗಳನ್ನು ಇಳಿಸಿಕೊಳ್ಳುತ್ತಿದ್ದ ಅವರ ಜಾಲತಾಣದಲ್ಲಿ ಡೌನ್‌ಲೋಡ್ ಗುಂಡಿಯ ಮೇಲೆ ಬೆಲೆ ಕಾಣಿಸಿಕೊಂಡಿತ್ತು. ಆ ತಾಣದ ತಾಂತ್ರಿಕ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಈತ.

"ಲೋಟ ಉರುಳಿದ್ರೆ ನಿಮ್ಮ ಸಾಕ್ಷಿನೇ ನೆನೆಯೋದು ಮೇಡಂ," ಎಂದು ಅವನು ಮೆಲ್ಲಗೆ ಚಹಾ ಲೋಟವನ್ನು ಹೊರಗೆಳೆದುಕೊಂಡ.

ಸ್ನಾನದ ಮನೆಯ ಟೈಲ್ಸ್ ಮಾರುವ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ಅವನ ಕಚೇರಿ. ಕಿಟಕಿಯ ಪಕ್ಕ ಒಂದು ಕಪಾಟಿನಲ್ಲಿ ನಾಲ್ಕು ಕಂಪ್ಯೂಟರುಗಳು ಬಾಗಿಲು ತೆರೆದುಕೊಂಡು ಗುಂಯ್‌ಗುಡುತ್ತಿದ್ದವು. ಅವುಗಳಲ್ಲಿ ಒಂದರ ಹಣೆಗೆ ಟೀಚರ ಕೈಬರಹದ ಚೀಟಿ: 'ಇದನ್ನು ಆರಿಸಬೇಡಿ, ಇದರೊಳಗೆ ನಾನಿದ್ದೇನೆ.' ಹನ್ನೊಂದು ದಿನದ ಹಿಂದೆ ನೋಡಿದ್ದರೆ ನಗು ಬರುತ್ತಿತ್ತು.

ಕತ್ತರಿ ಟೀಚರ್ ಅಂಗಡಿಯವರು ಮರೆತುಬಿಟ್ಟ ಮೈಗಳಿಗೆ ನಮೂನೆ ಬರೆಯುತ್ತಿದ್ದರು. ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಬಲ್ಲ ಅಂಗಿ. ದಿನವಿಡೀ ಗಾಲಿಕುರ್ಚಿಯಲ್ಲಿ ಕೂರುವವರಿಗೆ ಹಿಂದೆ ಹೊಲಿಗೆಯೇ ಇಲ್ಲದ ಪೈಜಾಮ. ಕಾಲಿಗೆ ಪ್ಲಾಸ್ಟರ್ ಹಾಕಿದ ಕೂಸಿನ ಚಡ್ಡಿ. ಇಂಥವು ಆರುನೂರ ಹನ್ನೆರಡು. ಇನ್ನೂರ ಹನ್ನೆರಡನೆಯದು ಒಂದು ಸ್ತನ ಕಳೆದುಕೊಂಡ ಹೆಂಗಸರ ರವಿಕೆ. ಅದನ್ನು ಪತ್ತೇದಾರಿಣಿ ನಾಲ್ಕು ವರ್ಷದಿಂದ ತೊಡುತ್ತಿದ್ದಳು. ಈಗಲೂ ತೊಟ್ಟಿದ್ದಳು. ಅದನ್ನು ಅವಳು ಅಕ್ಕನ ಹೊರತು ಯಾರಿಗೂ ಹೇಳಿಕೊಂಡಿರಲಿಲ್ಲ. ಟೀಚರ ಮಗಳು ಈ ಕೆಲಸ ಒಪ್ಪಿಸಲು ಬಂದಾಗ ಮರುಮಾತಿಲ್ಲದೆ ಹೂಂ ಅಂದದ್ದು ಯಾಕೆಂದು ಆ ಮಗಳಿಗೂ ಗೊತ್ತಿರಲಿಲ್ಲ.

ಟೀಚರನ್ನು ಬದುಕಿರುವಾಗಲೇ ಹುಡುಕಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

"ಆರುನೂರ ಹದಿಮೂರು," ಎಂದು ಅವಳು ಹಾಳೆಯ ಮೂಲೆಯ ಅಂಕಿಯ ಮೇಲೆ ಬೆರಳಿಟ್ಟಳು. "ಭಾನುವಾರ ಬಂದ ಹೊಸ ನಮೂನೆ. ಟೀಚರ್ ಕಾಣೆಯಾದ್ಮೇಲೆ ಬಂದದ್ದು. ಅಂದ್ರೆ ಅವರು ಎಲ್ಲೋ ಕೂತು ಗೆರೆ ಎಳೀತಿದಾರೆ. ಈ ಗೆರೆ ಬೇರೆ ಯಾರದ್ದೂ ಅಲ್ಲ. ನೋಡಿ, ಎಡಗಡೆ ಬೇರೆ, ಬಲಗಡೆ ಬೇರೆ."

ಬೇರೆ ದರ್ಜಿಗಳು ಬಟ್ಟೆಯನ್ನು ನಡುವೆ ಮಡಚಿ ಒಂದೇ ಬದಿ ಅಳೆದು ಎರಡೂ ಬದಿಗೆ ಕತ್ತರಿ ಹಾಕುತ್ತಾರೆ. ಟೀಚರ್ ಹಾಗೆ ಮಾಡಿದವರಲ್ಲ. ಎರಡೂ ಬದಿ ಒಂದೇ ಥರ ಇರುವ ಮೈಯನ್ನು ನಾನಿನ್ನೂ ಕಂಡಿಲ್ಲ ಎಂದು ತರಗತಿಯ ಮೊದಲ ದಿನವೇ ಹೇಳುತ್ತಿದ್ದರಂತೆ. ಊರಿನ ಅರ್ಧ ಹೆಂಗಸರ ಹಾಗೆ ಪತ್ತೇದಾರಿಣಿಯ ಅಕ್ಕನೂ ಅವರ ಹತ್ತಿರ ಕಲಿತವಳೇ.

"ಎಡ ಹೆಗಲು ಒಂದೂವರೆ ಸೆಂಟಿಮೀಟರ್ ಕೆಳಗೆ. ಎದೆ ಸುತ್ತು ಎಪ್ಪತ್ತೆಂಟು. ಇದು ದೊಡ್ಡವರ ಅಳತೆ ಅಲ್ಲ. ಹದಿನಾಲ್ಕು ವರ್ಷದ, ಬೆನ್ನುಮೂಳೆ ಬಾಗಿರೋ, ಬೆನ್ನಿಗೆ ಆಸರೆಯ ಪಟ್ಟಿ ಕಟ್ಕೊಂಡಿರೋ ಹುಡುಗೀದು. ಈ ದುಂಡನೆ ತುಂಡು ಪಟ್ಟಿಯ ಅಂಚು ಒತ್ತದ ಹಾಗೆ ಒಳಗೆ ಹಾಕೋ ಮೆತ್ತೆ. ಅಜ್ಜಿ ಮೊಮ್ಮಗಳ ಅಳತೆ ಈಚೆಗೆ ತೆಗೆದಿದಾರೆ. ಅಂದ್ಮೇಲೆ ಅವರೆಲ್ಲಿದಾರೆ ಅಂತ ನಿಮಗೆ ಗೊತ್ತು."

ಅಳಿಯ ಹಾಳೆಯನ್ನು ನೋಡಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ಚೌಕ ಅಳೆದ್ರಾ?"

ಪತ್ತೇದಾರಿಣಿ ಮೊದಲ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಟೀಚರ ಪ್ರತಿಯೊಂದು ನಮೂನೆಯ ಮೊದಲ ಹಾಳೆಯಲ್ಲಿ ಐದು ಸೆಂಟಿಮೀಟರಿನ ಒಂದು ಖಾಲಿ ಚೌಕ ಇರುತ್ತದೆ. ಮುದ್ರಿಸಿದ ಕೂಡಲೇ ಅದನ್ನು ಅಳೆಯಬೇಕು. ಐದು ಬಂದರೆ ಕತ್ತರಿ ಎತ್ತಿಕೊಳ್ಳಬಹುದು. ಬಾರದಿದ್ದರೆ ಹಾಳೆ ಕಸಕ್ಕೆ. ಯಾಕೆಂದರೆ ಪ್ರಿಂಟರುಗಳಿಗೆ ಒಂದು ಚಾಳಿಯಿದೆ: ಅಂಚು ಕತ್ತರಿಸಿ ಹೋದೀತೆಂದು ತಾವೇ ಚಿತ್ರವನ್ನು ಒಂಚೂರು ಕುಗ್ಗಿಸಿಬಿಡುತ್ತವೆ. ನಾಲ್ಕು ವರ್ಷದಲ್ಲಿ ಅವಳು ಒಂದು ಸಲವೂ ಅಳೆಯದೆ ಬಿಟ್ಟವಳಲ್ಲ. ಇವತ್ತು ಬೆಳಿಗ್ಗೆ ಜೆರಾಕ್ಸ್ ಅಂಗಡಿಯ ಹೆಂಗಸು "ಹಾಳೆಗೆ ಸರಿಯಾಗಿ ಕೂರೋ ಹಾಗೆ ಹಾಕಿದೀನಿ ನೋಡಿ" ಎಂದು ಹೆಮ್ಮೆಯಿಂದ ಕೊಟ್ಟಾಗಲೂ ಹೊಳೆಯಲಿಲ್ಲ. ಸುಳಿವು ಸಿಕ್ಕ ಉಬ್ಬಿನಲ್ಲಿ ಓಡಿಬಂದಿದ್ದಳು.

ಅಳಿಯ ಡ್ರಾಯರಿನಿಂದ ಸ್ಕೇಲು ತೆಗೆದು ಕೊಟ್ಟ. ಅವಳ ಕೈಯಿಂದಲೇ ಅಳೆಯಲಿ ಎಂಬಂತೆ.

ನಾಲ್ಕು ಪಾಯಿಂಟ್ ಆರು.

"ನೂರಕ್ಕೆ ಎಂಟು ಪಾಲು ಕುಗ್ಗಿದೆ," ಎಂದ ಅವನು. "ನಮ್ಮತ್ತೆ ಇದ್ದಿದ್ರೆ ನಿಮ್ಮ ಕಿವಿ ಹಿಂಡ್ತಿದ್ರು. ನನ್ನ ಮಗಳನ್ನ ಇದರಲ್ಲಿ ಎಳೆದು ತಂದಿದ್ದಕ್ಕೆ ನಾನು ಹಿಂಡಬೇಕಿತ್ತು. ಹೋಗಲಿ, ಕೂತ್ಕೊಳ್ಳಿ."

ಅವಳು ಕೂತಳು. ಕಿವಿಯೇನೋ ಯಾರೋ ಹಿಂಡಿದ ಹಾಗೆಯೇ ಬಿಸಿಯಾಗಿತ್ತು.

"ಸರಿ, ಅದು ನನ್ನ ತಪ್ಪು," ಎಂದಳು. "ಆದ್ರೆ ತಾಣಕ್ಕೆ ಬೆಲೆ ಹಚ್ಚಬೇಕು ಅಂತ ಮೂರು ವರ್ಷದಿಂದ ಅತ್ತೆ ಜೊತೆ ಜಗಳ ಆಡಿದ್ದು ನೀವೇ. ನಿಮ್ಮ ಹೆಂಡ್ತಿನೇ ಹೇಳಿದಾರೆ."

"ಆಡಿದೀನಿ. ಈಗ್ಲೂ ಆಡ್ತೀನಿ." ಅವನು ಕಪಾಟಿನ ಕಡೆ ಕೈ ಮಾಡಿದ. "ಆ ಡಬ್ಬಗಳು ಗಾಳಿ ಕುಡಿದು ಬದುಕ್ತವಾ? ತಿಂಗಳಿಗೆ ನಲವತ್ತು ಸಾವಿರ ಸಲ ಡೌನ್‌ಲೋಡ್ ಆಗುತ್ತೆ. ಮೊದಲು ಜಾಗ ಪುಕ್ಕಟೆ ಕೊಡ್ತಿದ್ದ ಕಂಪನಿಗಳೆಲ್ಲ ಒಂದೊಂದೇ ಕೈ ತೊಳ್ಕೊಂಡ್ವು. ಹಾಡು, ಪುಸ್ತಕ, ಪತ್ರಿಕೆ, ಎಲ್ಲದಕ್ಕೂ ಬೇಲಿ ಬಿತ್ತು. ನೋಡ್ತಿರಿ ಮೇಡಂ, ಇನ್ನು ಹತ್ತು ವರ್ಷಕ್ಕೆ ಇಂಟರ್ನೆಟ್ಟಲ್ಲಿ ಪುಕ್ಕಟೆ ಅನ್ನೋದನ್ನ ಗಾಜಿನ ಪೆಟ್ಟಿಗೇಲಿಟ್ಟು ಮಕ್ಕಳಿಗೆ ತೋರಿಸ್ಬೇಕು."

"ಟೀಚರ್ ಅದಕ್ಕೇನಂತಿದ್ರು?"

"ಅವರದ್ದು ಒಂದೇ ಹಟ. ಆಸ್ಪತ್ರೆಯಿಂದ ಬಂದ ವಾರ ಯಾರಿಗೂ ಪರ್ಸು ತೆಗೆಯೋ ಮನಸ್ಸಿರಲ್ಲ ಕಣೋ, ಅಂತಿದ್ರು."

ಪತ್ತೇದಾರಿಣಿ ಕಿಟಕಿಯ ಕಡೆ ತಿರುಗಿದಳು. ಆ ವಾರ ಅವಳಿಗೆ ನೆನಪಿತ್ತು. ಕನ್ನಡಿಯ ಮೇಲೆ ಟವೆಲ್ ಹಾಕಿಟ್ಟ ವಾರ. ಅಂಗಡಿಗೆ ಹೋಗಿ ಬಾಯಿಬಿಟ್ಟು ಕೇಳಲಾರದೆ, ಮೊಬೈಲಿನಲ್ಲಿ ಹುಡುಕಿ, ಯಾರಿಗೂ ಹೆಸರು ಹೇಳದೆ, ಯಾರ ಮುಖವನ್ನೂ ನೋಡದೆ ಇಳಿಸಿಕೊಂಡ ಆ ಒಂದು ಫೈಲು. ದುಡ್ಡು ಕೇಳಿದ್ದರೆ ಕೊಡುತ್ತಿದ್ದಳೇನೋ. ಹೆಸರು ಕೇಳಿದ್ದರೆ ಮುಚ್ಚಿಬಿಡುತ್ತಿದ್ದಳು.

"ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ," ಅಳಿಯ ಮುಂದುವರಿಸಿದ. "ಯಾವುದೋ ಕಾರ್ಖಾನೆಯವರು ಎಲ್ಲಾ ನಮೂನೆನೂ ಎತ್ಕೊಂಡು ತಮ್ಮ ಹೆಸರು ಹಾಕ್ಕೊಂಡಿದಾರೆ. ಈಗ ಅವ್ರೇ ಮನೇಲಿ ಹೊಲಿಯೋ ಹೆಂಗಸ್ರಿಗೆ ನೋಟೀಸು ಕೊಡ್ತಿದಾರೆ, ನಮ್ಮ ನಮೂನೆ ಕದ್ದಿದೀರಿ ಅಂತ. ಯಾರು ಎತ್ತಿ ಕೊಟ್ರು ಅಂತ ಹೇಗೆ ಹಿಡಿಯೋದು? ಪುಕ್ಕಟೆ ಬಾಗಿಲಲ್ಲಿ ಯಾರು ಬಂದ್ರು, ಯಾರು ಹೋದ್ರು, ಕೇಳೋರಿಲ್ಲ."

"ಅದಕ್ಕೇ ನೀವು ಬೀಗ ಹಾಕಿದ್ರಿ."

"ನಾನು ಹಾಕ್ಬೇಕು ಅಂದೆ. ಹಾಕಿದ್ದು ನಾನಲ್ಲ." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. "ಓದಿ."

ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷ. ಬೆಲೆ ನಿಗದಿ ಮಾಡಿದವರು: ಟೀಚರ್. ದೃಢೀಕರಣ: ಟೀಚರ ಕೀ.

"ಹೆಬ್ಬೆರಳಷ್ಟಗಲದ ಒಂದು ಲೋಹದ ಕೀ ಇದೆ," ಎಂದ. "ಕಂಪ್ಯೂಟರಿಗೆ ಚುಚ್ಚಬೇಕು. ಅದಿಲ್ದೆ ಬೆಲೇಲಿ ಒಂದು ಅಂಕಿ ನನ್ನಿಂದ್ಲೂ ಬದಲಾಯಿಸೋಕಾಗಲ್ಲ. ಕೊಂಡವರ ಹೆಸರು ನೋಡೋಕೂ ಆಗಲ್ಲ. ಜಗತ್ತಲ್ಲಿ ಇರೋದು ಒಂದೇ. ಅದು ಅವರ ಕತ್ತರಿ ಚೀಲದಲ್ಲೇ ಇರುತ್ತೆ."

ಅವಳು ಆ ಸಾಲನ್ನು ಎರಡು ಸಲ ಓದಿದಳು. ಹತ್ತು ದಿನ ಅವಳು ಬೀಗ ಹಾಕಿದ ಕಳ್ಳನನ್ನು ಹುಡುಕಿದ್ದಳು. ಬೀಗ ಹಾಕಿದ್ದು ಬಾಗಿಲು ಕಟ್ಟಿಸಿದವರೇ!

"ಇನ್ನೊಂದು," ಅಳಿಯನ ದನಿ ತಗ್ಗಿತು. "ನನ್ನ ಪಟ್ಟಿಯಲ್ಲಿ ಆರುನೂರ ಹನ್ನೆರಡೇ ಇರೋದು. ಹದಿಮೂರು ನಿಮಗೆಲ್ಲಿ ಸಿಕ್ತು?"

"ಎಲ್ಲಿ ಸಿಕ್ತು ಅಂದ್ರೆ? ಹೆಸರು, ವಿಳಾಸ ತುಂಬಿ ದುಡ್ಡು ಕಟ್ಟಿದೆ. ಮೊದಲನೇ ಸಾಲಲ್ಲೇ ಇತ್ತು."

"ಎಷ್ಟು ಕಟ್ಟಿದ್ರಿ?"

ಅವಳು ಹೇಳಿದಳು. ಅದಕ್ಕಿಂತ ಕಡಿಮೆ ಬೆಲೆಯನ್ನು ಯಾವ ಬ್ಯಾಂಕಿನ ಯಂತ್ರವೂ ಒಪ್ಪುವುದಿಲ್ಲ. ಅತಿ ಚಿಕ್ಕ ನಾಣ್ಯ. ಅದನ್ನೂ ಅವಳು ಕಟ್ಟುತ್ತಿರಲಿಲ್ಲ. ಅಕ್ಕ ವಾರದಿಂದ ಪೀಡಿಸಿದ್ದಳು: "ಹೊರಗೆ ನಿಂತು ಇಣುಕೋದೇನು, ಆ ಒಂದು ಕಾಸು ಬಿಸಾಕಿ ಒಳಗೆ ಹೋಗಿ ನೋಡಬಾರ್ದಾ? ನೀನೆಂಥ ಪತ್ತೇದಾರಿಣಿಯೇ!" ಅದೂ ಫೋನಿನಲ್ಲಿ. ಅಕ್ಕನಿಗೆ ಹತ್ತು ದಿನದಿಂದ ಜ್ವರ. ಒಂದು ಮಹಡಿ ಕೆಳಗಿನ ಅವಳ ಮನೆಯ ಬಾಗಿಲಿಗೆ ಊಟದ ಡಬ್ಬಿ ಇಟ್ಟು ಬರುವುದಷ್ಟೇ ಆಗಿತ್ತು. "ಒಳಗೆ ಬರಬೇಡ, ನಿನಗೂ ಅಂಟೀತು" ಎನ್ನುತ್ತಿದ್ದಳು. ಜ್ವರದಲ್ಲೂ ಡಬ್ಬಿ ಬಳಿದಿಟ್ಟಂತೆ ಖಾಲಿಯಾಗುತ್ತಿತ್ತು.

"ಫೋನು ಕೊಡಿ," ಎಂದ ಅಳಿಯ. "ಸರಿಯಾದ ಅಳತೆಗೆ ನಾನೇ ಪ್ರಿಂಟ್ ಹಾಕಿ ಕೊಡ್ತೀನಿ."

ಕೊಟ್ಟಳು.

ಪ್ರಿಂಟರು ಒಂದೊಂದೇ ಹಾಳೆ ಉಗುಳತೊಡಗಿತು. ಅಳಿಯ ಯಾರದೋ ಕರೆ ಬಂತೆಂದು ಹೊರಗಿನ ಕೋಣೆಗೆ ಹೋದ. ಅವಳು ಮೊದಲು ಚೌಕ ಅಳೆದಳು. ಐದು. ಕೂದಲೆಳೆಯಷ್ಟೂ ಆಚೀಚೆಯಿಲ್ಲ.

ನೆಲದ ಮೇಲೆ ಮಂಡಿಯೂರಿ ಹಾಳೆ ಜೋಡಿಸಿದಳು. ಟೇಪು ಹಿಡಿದಳು.

ಎದೆ ಸುತ್ತು ಎಂಬತ್ತೈದು.

ಸೊಂಟ ಎಪ್ಪತ್ತಾರು.

ಅವಳ ಕೈ ಅಲ್ಲಿಗೇ ನಿಂತಿತು. ಎಂಬತ್ತೈದು, ಎಪ್ಪತ್ತಾರು ಎಷ್ಟೋ ಹೆಂಗಸರಿಗೆ ಇರುತ್ತದೆ, ಅದೇನು ಮಹಾ, ಎಂದು ತನಗೆ ತಾನೇ ಹೇಳಿಕೊಂಡು ಹೆಗಲಿಗೆ ಟೇಪು ಹಿಡಿದಳು. ಎಡ ಹೆಗಲಿನ ಇಳಿತ ಈಗ ಒಂದೂವರೆಯಲ್ಲ, ಅದಕ್ಕಿಂತ ಒಂದು ಕೂದಲು ಹೆಚ್ಚು. ಎಡ ಕಂಕುಳ ಬಳಿ ಕತ್ತರಿಗೆರೆ ಒಳಕ್ಕೆ ಹೋಗುವ ಬದಲು ಹೊರಕ್ಕೆ ಬಾಗಿತ್ತು. ಅಲ್ಲಿ ಯಾವುದೋ ಹಳೆಯ ಗಾಯಕ್ಕೆ ಬಟ್ಟೆ ತಾಗಬಾರದು ಎಂಬಂತೆ. ಅವಳ ಮೈಯಲ್ಲಿ ಹೊಲಿಗೆಯ ಗುರುತು ಸರಿಯಾಗಿ ಅಲ್ಲೇ ಕೊನೆಯಾಗುತ್ತಿತ್ತು.

ಆ ದುಂಡನೆಯ ತುಂಡನ್ನು ಎತ್ತಿಕೊಂಡಳು. ಅದು ಮೆತ್ತೆಯಲ್ಲ. ಮೇಲೆ ಬಾಯಿಯಿತ್ತು. ಅದೊಂದು ಜೇಬು. ರವಿಕೆಯ ಒಳಗೆ, ಇಲ್ಲದ ಸ್ತನದ ಜಾಗದಲ್ಲಿ ಮೆತ್ತನೆಯದೇನನ್ನಾದರೂ ಇಟ್ಟುಕೊಳ್ಳುವ ಜೇಬು. ಎಡ ಎದೆಯ ಮೇಲಿಟ್ಟು ನೋಡಿದಳು. ಅಂಗೈಯಲ್ಲಿ ಅಂಗೈ ಇಟ್ಟ ಹಾಗೆ ಕೂತಿತು.

ಕತ್ತರಿ ಟೀಚರ್ ಒಮ್ಮೆಯೂ ಕಣ್ಣಾರೆ ಕಾಣದ ಅವಳನ್ನು, ವೈದ್ಯರ ಮುಂದೆಯೂ ಅವಳು ಪೂರ್ತಿ ಬಿಚ್ಚಿಡಲಾರದೆ ಹೋದ ಮೈಯನ್ನು, ಗೆರೆ ಗೆರೆಯಾಗಿ ಬರೆದಿಟ್ಟಿದ್ದರು.

"ಸರಿಹೋಯ್ತಾ?"

ಅಳಿಯ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ಕಣ್ಣು ಅವಳ ಕೈಯ ಮೇಲಿತ್ತು, ಕೈ ಒತ್ತಿಕೊಂಡಿದ್ದ ಜಾಗದ ಮೇಲಿತ್ತು. ಅವಳು ಕಾಗದವನ್ನು ಸರಕ್ಕನೆ ಕೆಳಗಿಳಿಸಿದಳು. ನಿನ್ನ ಮುಖ ಮುಖವಲ್ಲ, ದಿನಪತ್ರಿಕೆ, ದಾರೀಲಿ ಹೋಗೋರೂ ಓದಬಹುದು, ಎಂದು ಅಕ್ಕ ಆಡಿಕೊಳ್ಳುತ್ತಿದ್ದದ್ದು ಸುಮ್ಮನೆಯಲ್ಲ.

"ನಿಮಗೇ ಹೊಲಿಸಿದ ಹಾಗಿದೆಯಲ್ಲ ಮೇಡಂ," ಎಂದ ಮೆತ್ತಗೆ, ಅನುಕಂಪದಿಂದಲೇ ಎಂಬಂತೆ. "ನಿಮ್ಮ ಅಳತೆ ತೆಗೆಯೋರು ಯಾರು?"

"ನಮ್ಮಕ್ಕ," ಎಂದಳು. ಬಾಯಿಗೆ ಬಂದ ಮಾತು ಬಂದಂತೆಯೇ ಹೊರಬಿತ್ತು.

"ಓ." ಅವನು ತಲೆಯಾಡಿಸಿದ. "ಒಂದು ನಿಮಿಷ ಕೂತಿರಿ. ನೀರು ಕುಡೀರಿ, ಮುಖ ಬಿಳಿಚ್ಕೊಂಡಿದೆ. ಕೆಳಗಿನ ಅಂಗಡೀಲಿ ಹಳೇ ದಾಖಲೆಯ ಡಿಸ್ಕಿದೆ, ತಂದುಬಿಡ್ತೀನಿ. ಎಲ್ಲಾ ಗೊತ್ತಾಗುತ್ತೆ."

ಅವನು ಹೋದ. ಅವಳು ನೀರು ಕುಡಿದಳು.

ಆಪರೇಷನ್ ಆಗಿ ಎರಡು ತಿಂಗಳಿಗೆ, ಸ್ನಾನದ ಮನೆಯ ಚಿಲಕ ಹಾಕಿ, ಅಕ್ಕ ಅವಳ ಅಳತೆ ತೆಗೆದಿದ್ದಳು. ಎರಡೂ ಬದಿ. ಅಳುತ್ತ ನಿಂತಿದ್ದವಳಿಗೆ "ಕೈ ಎತ್ತೇ ಪುಟ್ಟಿ, ಬೀಳೋ ಆಕಾಶ ಹಿಡಿಯೋ ಹಾಗೆ ಎತ್ತು" ಎಂದು ರೇಗಿಸಿ ನಗಿಸಿದ್ದಳು. ಔಷಧದ ಚೀಟಿಯ ಬೆನ್ನಿಗೆ ಬರೆದುಕೊಂಡಿದ್ದಳು. ಆ ಚೀಟಿ ಇರುವುದು ಅಕ್ಕನ ಹೊಲಿಗೆ ಪೆಟ್ಟಿಗೆಯಲ್ಲಿ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಜ್ವರ. ಮುಚ್ಚಿದ ಬಾಗಿಲು. ಒಬ್ಬರಿಗೆಂದು ಇಟ್ಟ ಡಬ್ಬಿ ಬಳಿದಿಟ್ಟಂತೆ ಖಾಲಿಯಾಗುತ್ತಿದ್ದದ್ದು.

ಟೀಚರ್ ಅಕ್ಕನ ಮನೆಯಲ್ಲಿದ್ದರು! ಹನ್ನೊಂದು ದಿನ, ಅವಳ ಕಾಲಡಿಯ ನೆಲದ ಕೆಳಗೇ!

ಬಾಯಿಬಿಟ್ಟು ಯಾಕೆ ಹೇಳಲಿಲ್ಲ ಎಂದು ಒಂದು ಕ್ಷಣ ಸಿಟ್ಟು ಬಂತು. ಮರುಕ್ಷಣ ಉತ್ತರವೂ ಹೊಳೆಯಿತು. ಅವಳು ಪ್ರತಿ ಸಂಜೆ ವರದಿ ಬರೆದು ಕಳಿಸುತ್ತಿದ್ದುದು ಯಾವ ಮನೆಗೆ? ಟೀಚರ ಮಗಳ ಮನೆಗೆ. ಅಳಿಯನ ಮನೆಗೆ. ವರದಿಯಲ್ಲಿ ಮುಚ್ಚಿಟ್ಟರೂ ಮುಖದಲ್ಲಿ ಮುಚ್ಚಿಡಲಾರಳೆಂದು ಅಕ್ಕನಿಗೆ ಗೊತ್ತು. ಅದಕ್ಕೇ ಅವಳ ಹೆಸರಿಗೆ ಮಾತ್ರ ತೆರೆಯುವ, ಬೇರೆ ಯಾರೂ ಓದಲಾರದ, ಅವಳೊಬ್ಬಳ ಮೈ ಮಾತ್ರ ಓದಬಲ್ಲ ಕಾಗದ ಬರೆದು ಕಳಿಸಿದ್ದರು. ಸಿಕ್ಕ ಕೂಡಲೇ ಸುಮ್ಮನೆ ಕೆಳಗಿಳಿದು ಬರಲಿ ಎಂದು.

ಬೆಲೆ ದುಡ್ಡಿಗಾಗಿ ಅಲ್ಲ. ಆ ಒಂದು ಕಾಸಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೆ ಆ ಕಾಸು ಕೊಡಬೇಕಾದರೆ ಹೆಸರು ಕೊಡಬೇಕು, ವಿಳಾಸ ಕೊಡಬೇಕು. ಟೀಚರಿಗೆ ಬೇಕಾಗಿದ್ದದ್ದು ಕಾರ್ಖಾನೆಗೆ ನಮೂನೆ ಸಾಗಿಸುವವರ ಹೆಸರು. ಇಪ್ಪತ್ತು ವರ್ಷ ಯಾರ ಹೆಸರನ್ನೂ ಕೇಳದವರು, ಹತ್ತು ದಿನ ಎಲ್ಲರ ಹೆಸರು ಕೇಳಿದ್ದರು.

ಅವಳು ಗಡಿಯಾರ ನೋಡಿದಳು. ಒಂದು ನಿಮಿಷ ಎಂದು ಹೋದವನು ಹೋಗಿ ಅರ್ಧ ಗಂಟೆಯಾಗಿತ್ತು. ಕೆಳಗಿಳಿದು ಕೇಳಿದರೆ ಟೈಲ್ಸ್ ಅಂಗಡಿಯವನು, "ಡಿಸ್ಕಾ? ನಮ್ಮಲ್ಲೆಂಥ ಡಿಸ್ಕು? ಅವ್ರು ಆಗ್ಲೇ ಕಾರು ತಗೊಂಡು ಹೋದ್ರಲ್ಲ," ಎಂದ.

'ನಮ್ಮಕ್ಕ' ಎಂದು ಅವನಿಗೆ ದಾರಿ ತೋರಿಸಿದ್ದು ತಾನೇ. ಅಕ್ಕ ಫೋನು ಎತ್ತಲಿಲ್ಲ. ಟ್ಯಾಕ್ಸಿಯಲ್ಲಿ ಕೂತು ಮತ್ತೆ ಮಾಡಿದಳು. ಎತ್ತಲಿಲ್ಲ. ಒಂಬತ್ತನೆಯ ಸಲಕ್ಕೆ ಫೋನು ಆರಿಯೇ ಹೋಗಿತ್ತು.

ಅಕ್ಕನ ಮನೆಯ ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು. ಅವಳು ಬೆಳಿಗ್ಗೆ ಇಟ್ಟಿದ್ದ ಊಟದ ಡಬ್ಬಿ ಹೊಸ್ತಿಲಲ್ಲಿ ಹಾಗೆಯೇ ಇತ್ತು.

"ಅಕ್ಕಾ?"

ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಲೋಟ, ಎರಡು ತಟ್ಟೆ. ಮಂಚದ ಪಕ್ಕ ನೆಲದ ಮೇಲೆ ಇನ್ನೊಂದು ಹಾಸಿಗೆ, ಮಡಿಕೆ ಮುರಿಯದೆ ಸುತ್ತಿಟ್ಟದ್ದು. ಕುರ್ಚಿಯ ಬೆನ್ನಿಗೆ ನೇತಾಡುವ ಅಳತೆ ಟೇಪು. ಮನುಷ್ಯರ ಸುಳಿವಿಲ್ಲ.

ಕಿಟಕಿಯ ಬಳಿ ಹೊಲಿಗೆ ಯಂತ್ರದ ದೀಪ ಹೊತ್ತಿಕೊಂಡೇ ಇತ್ತು. ಅದರಡಿ ಅರ್ಧ ಹೊಲಿದ ರವಿಕೆ. ಮಾಸಲು ನೀಲಿ, ಅವಳಿಗೆ ಇಷ್ಟದ ಬಣ್ಣ. ಸೂಜಿ ಬಟ್ಟೆಯೊಳಗೆ ಇಳಿದದ್ದು ಇಳಿದಂತೆಯೇ ನಿಂತಿತ್ತು.

ಏಳುವ ಮೊದಲು ಸೂಜಿ ಎತ್ತು. ಟೀಚರ ಎರಡನೇ ಪಾಠ ಅದು. ಅಕ್ಕ ಮನೆಗೆ ಬೆಂಕಿ ಬಿದ್ದರೂ ಸೂಜಿ ಎತ್ತಿಟ್ಟೇ ಓಡುವವಳು. ಸೂಜಿ ಇಳಿದಿರುವಾಗಲೇ ಇಬ್ಬರನ್ನೂ ಯಾರೋ ಎಬ್ಬಿಸಿದ್ದರು.

ಕೈಯಲ್ಲಿದ್ದ ಮೊಬೈಲು ಟಿಣ್ ಎಂದಿತು. ಜಾಲತಾಣದ ಸೂಚನೆ, ನಾಲ್ಕು ನಿಮಿಷ ಹಿಂದಿನದು.

'ಎಲ್ಲ ನಮೂನೆಗಳೂ ಈ ಕ್ಷಣದಿಂದ ಮತ್ತೆ ಪುಕ್ಕಟೆ. ಈವರೆಗೆ ಕೊಂಡವರ ಹೆಸರು, ವಿವರಗಳನ್ನೆಲ್ಲ ಅಳಿಸಲಾಗಿದೆ. ದೃಢೀಕರಣ: ಟೀಚರ ಕೀ.'

ಹತ್ತು ದಿನ ಅವಳು ಹಂಬಲಿಸಿದ ಪದ, ಹಸಿರು ಅಕ್ಷರದಲ್ಲಿ. ಪುಕ್ಕಟೆ. ನಮೂನೆ ಸಾಗಿಸಿದವರ ಹೆಸರೂ ಅದರ ಜೊತೆಗೇ ಅಳಿಸಿಹೋಗಿತ್ತು. ಅಳಿಯನಿಗೆ ಕೀ ಸಿಕ್ಕಿಬಿಟ್ಟಿದೆ. ಟೀಚರಿಂದ ಕಿತ್ತುಕೊಂಡಿದ್ದಾನೆ. ಅವರು ಸುಮ್ಮನೆ ಕೊಟ್ಟಿರುವವರಲ್ಲ.

ಆಸರೆಗೆಂದು ಯಂತ್ರದ ಮೇಲೆ ಕೈಯೂರಿದಳು. ಬೆರಳಿಗೆ ರವಿಕೆಯ ಎಡಭಾಗ ತಾಗಿತು. ಆ ದುಂಡನೆಯ ಜೇಬನ್ನು ಆಗಲೇ ಜೋಡಿಸಿಯಾಗಿತ್ತು. ಅದರ ಬಾಯಿಯನ್ನು ಮಾತ್ರ, ಯಾವ ನಮೂನೆಯಲ್ಲೂ ಇಲ್ಲದ ಹಾಗೆ, ಒತ್ತೊತ್ತಾಗಿ ಹೊಲಿದು ಮುಚ್ಚಿದ್ದರು. ಒಳಗೆ ಏನೋ ಗಟ್ಟಿಯಾದದ್ದಿತ್ತು.

ಹಲ್ಲಿನಿಂದ ದಾರ ಕಡಿದಳು.

ಅಂಗೈಗೆ ಬಿದ್ದದ್ದು ಹೆಬ್ಬೆರಳಷ್ಟಗಲದ ಲೋಹದ ಕೀ. ಜಗತ್ತಿನಲ್ಲಿ ಒಂದೇ ಇದೆಯೆಂದು ಅಳಿಯ ಹೇಳಿದ್ದ ಕೀ. ಬೆನ್ನಿಗೆ ಟೀಚರ ಕೈಬರಹದಲ್ಲಿ ಗೀಚಿದ ಪುಟ್ಟ ಚೌಕ, ಅದರೊಳಗೆ ಕೀಯ ಕ್ರಮಸಂಖ್ಯೆ.

ಎರಡು.